ಕ್ಯಾರವಾನ್‌ನಲ್ಲಿ ಸೋಲಾರ್ ಮೇಲೆ ಫ್ರಿಜ್, ಮಿಕ್ಸಿ, ಇಂಡಕ್ಷನ್ ಓಡಿಸುವುದು

ಚಾವಣಿ ಮೇಲೆ ಎಷ್ಟು ಪ್ಯಾನೆಲ್ ಹಿಡಿಯುತ್ತದೆ ಎಂದು ಅಳೆಯುವ ಮೊದಲು ಒಂದು ಹಾಳೆ ತೆಗೆದುಕೊಂಡು ಗಾಡಿಯೊಳಗೆ ಕರೆಂಟ್ ಕುಡಿಯುವ ಸಾಮಾನುಗಳನ್ನೆಲ್ಲ ಬರೆಯಿರಿ. ಪ್ರತಿಯೊಂದೂ ಎಷ್ಟು ವ್ಯಾಟ್, ದಿನಕ್ಕೆ ಎಷ್ಟು ಗಂಟೆ ಓಡುತ್ತದೆ? ಎರಡನ್ನೂ ಗುಣಿಸಿದರೆ ವ್ಯಾಟ್-ಅವರ್ ಸಿಗುತ್ತದೆ. 50 ವ್ಯಾಟಿನ 12 ವೋಲ್ಟ್ ಕಂಪ್ರೆಸರ್ ಫ್ರಿಜ್ ನಿಂತು ನಿಂತು ಓಡುವುದರಿಂದ ದಿನಕ್ಕೆ ಹತ್ತು ಗಂಟೆ ಹಿಡಿಯೋಣ: 500. 30 ವ್ಯಾಟಿನ ಫ್ಯಾನ್ ಎಂಟು ಗಂಟೆಗೆ 240, ಲ್ಯಾಪ್‌ಟಾಪ್ ಮೂರು ಗಂಟೆಗೆ 180, ನಾಲ್ಕು ಎಲ್‌ಇಡಿ ದೀಪ ಸಂಜೆಯಿಡೀ 100. 600 ವ್ಯಾಟಿನ ಮಿಕ್ಸಿ ಸದ್ದು ಜೋರು, ಆದರೆ ಐದು ನಿಮಿಷಕ್ಕೆ ತಿನ್ನುವುದು ಬರೀ 50. ನೀರಿನ ಪಂಪ್ ಸೇರಿಸಿದರೆ ಒಟ್ಟು ಸುಮಾರು 1,080.

ಈ ಪಟ್ಟಿಯಲ್ಲಿ ಹೆಚ್ಚಿನವರು ಮರೆಯುವುದು ಇನ್ವರ್ಟರನ್ನೇ. 2000 ವ್ಯಾಟಿನ ಇನ್ವರ್ಟರ್ ಏನೂ ಓಡಿಸದೆ ಸುಮ್ಮನೆ ಆನ್ ಆಗಿದ್ದರೂ 20 ವ್ಯಾಟ್‌ನಷ್ಟು ಎಳೆಯಬಹುದು. 24 ಗಂಟೆಗೆ 480! ಹೆಚ್ಚುಕಡಿಮೆ ಇನ್ನೊಂದು ಫ್ರಿಜ್ ಇಟ್ಟಂತಾಯಿತು. ಆದ್ದರಿಂದ ಫ್ರಿಜ್, ಫ್ಯಾನ್, ದೀಪ, ಪಂಪ್ ಎಲ್ಲವನ್ನೂ ನೇರ 12 ವೋಲ್ಟ್‌ಗೆ ಹಾಕಿ, ಲ್ಯಾಪ್‌ಟಾಪಿಗೆ ಕಾರ್ ಚಾರ್ಜರ್ ಇಟ್ಟುಕೊಳ್ಳಿ. ಮಿಕ್ಸಿ ತಿರುಗಿಸುವಾಗ ಮಾತ್ರ ಇನ್ವರ್ಟರ್ ಆನ್ ಮಾಡಿ, ಕೆಲಸ ಮುಗಿದ ಕೂಡಲೇ ಆಫ್ ಮಾಡಿ. ಕೊಳ್ಳುವಾಗ ಮನೆ ಕರೆಂಟಿನಂತೆ ನಯವಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಇನ್ವರ್ಟರೇ ಇರಲಿ. ಅಗ್ಗದ ಮಾಡಿಫೈಡ್ ವೇವ್‌ನಲ್ಲಿ ಮೋಟಾರ್‌ಗಳು ಗುಂಯ್‌ಗುಟ್ಟಿ ಬಿಸಿಯಾಗುತ್ತವೆ.

ಗ್ಯಾಸ್, ಕರೆಂಟ್, 12 ವೋಲ್ಟ್ ಮೂರರಲ್ಲೂ ಓಡುವ ಹಳೆಯ ಬಗೆಯ ಫ್ರಿಜ್ ನಿಮ್ಮಲ್ಲಿದ್ದರೆ ಅದನ್ನು ಬ್ಯಾಟರಿಗೆ ಹಚ್ಚುವ ಯೋಚನೆ ಬಿಡಿ. ಅದು 120 ವ್ಯಾಟ್‌ಗೂ ಹೆಚ್ಚು ಎಳೆಯುತ್ತದೆ, ಅದೂ ಹೆಚ್ಚುಕಡಿಮೆ ಬಿಡುವಿಲ್ಲದೆ. ಗಾಡಿ ಓಡುವಾಗ ಎಂಜಿನ್ ಕಡೆಯಿಂದ ಬರುವ 12 ವೋಲ್ಟ್, ನಿಂತಾಗ ಗ್ಯಾಸ್, ಅಷ್ಟೇ.

ಇನ್ನು ಬ್ಯಾಟರಿ. 12.8 ವೋಲ್ಟ್, 100 ಆಂಪ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1,280 ವ್ಯಾಟ್-ಅವರ್ ಇರುತ್ತದೆ, ಬಳಸಬೇಕಾದ್ದು ಶೇ 80–90. ಮೇಲಿನ ಲೆಕ್ಕಕ್ಕೆ ಅದು ಒಂದೇ ದಿನಕ್ಕೆ ಸಾಕು. ಮೋಡದ ದಿನವನ್ನೂ ಎಣಿಸಿದರೆ ಅಂಥವು ಎರಡು ಬೇಕು. ಲೆಡ್ ಆಸಿಡ್‌ನಲ್ಲಿ ಅರ್ಧಕ್ಕಿಂತ ಕೆಳಗಿಳಿಸಿದರೆ ಆಯುಷ್ಯ ಬೇಗ ಮುಗಿಯುತ್ತದೆ, ಹಾಗಾಗಿ ಅಷ್ಟೇ ಕೆಲಸಕ್ಕೆ ಸುಮಾರು ದುಪ್ಪಟ್ಟು ಆಂಪ್-ಅವರ್ ಬೇಕು, ಭಾರವಂತೂ ಸುಮಾರು ನಾಲ್ಕು ಪಟ್ಟು ಹೊರಬೇಕು. ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ಚಳಿ ಊರಿಗೆ ಹೋಗುವವರು ಅದನ್ನು ಗಾಡಿಯೊಳಗೇ ಇಡಲಿ.

ಪ್ಯಾನೆಲ್ 400 ವ್ಯಾಟ್ ಎಂದುಕೊಳ್ಳಿ. ಒಳ್ಳೆಯ ಬಿಸಿಲು ನಾಲ್ಕೂವರೆ ಗಂಟೆ, ಅದರಲ್ಲಿ ಕೈಗೆ ಸಿಗುವುದು ಶೇ 70: ಸುಮಾರು 1,260. ಉಳಿದದ್ದು ಮಟ್ಟಸವಾಗಿ ಮಲಗಿಸಿದ್ದಕ್ಕೆ, ದೂಳಿಗೆ, ಕಾವಿಗೆ ಹೋಯಿತು. ಸೆಲ್ 65 ಡಿಗ್ರಿಗೆ ಕಾದರೆ ಶೇ 14ರಷ್ಟು ಇಳಿಯುತ್ತದೆ. ಅದಕ್ಕೇ ಪ್ಯಾನೆಲ್ ಅಡಿಯಲ್ಲಿ ಎರಡು ಬೆರಳು ತೂರುವಷ್ಟು ಸಂದು ಬಿಟ್ಟು ಕೂರಿಸಿ, ಗಾಳಿಯಾಡಲಿ. ಚಾವಣಿಯ ಕಿಟಕಿಯ ನೆರಳು ಬೀಳುವ ಕಡೆ ಎರಡು ಪ್ಯಾನೆಲ್‌ಗಳನ್ನು ಸೀರೀಸ್‌ಗಿಂತ (ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ) ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಜೋಡಿಸುವುದೇ ಮೇಲು. ಮೂರು ಪ್ಯಾನೆಲ್ ಪ್ಯಾರಲಲ್ ಆದರೆ ಒಂದೊಂದಕ್ಕೂ ಪ್ರತ್ಯೇಕ ಫ್ಯೂಸ್ ಬೇಕು. ಪ್ಯಾನೆಲ್‌ಗೂ ಬ್ಯಾಟರಿಗೂ ನಡುವೆ ಕೂತು ಚಾರ್ಜಿಂಗ್ ನೋಡಿಕೊಳ್ಳುವ ಕಂಟ್ರೋಲರ್ 30 ಆಂಪ್‌ನ ಎಂಪಿಪಿಟಿ (ಪ್ಯಾನೆಲ್‌ನಿಂದ ಆದಷ್ಟು ಹೆಚ್ಚು ಶಕ್ತಿ ಹಿಂಡುವ ಬಗೆ) ಇರಲಿ. ಅದರ ಸೆಟ್ಟಿಂಗ್‌ನಲ್ಲಿ ಲಿಥಿಯಂ ಆರಿಸಲೇಬೇಕು: 14.2ರಿಂದ 14.4 ವೋಲ್ಟ್, ಈಕ್ವಲೈಸ್ (ಲೆಡ್ ಆಸಿಡ್‌ಗೆ ಆಗಾಗ ಕೊಡುವ ಹೆಚ್ಚು ವೋಲ್ಟೇಜಿನ ಚಾರ್ಜ್) ಆಫ್. ಲೆಡ್ ಆಸಿಡ್ ಸೆಟ್ಟಿಂಗ್‌ನಲ್ಲೇ ಬಿಟ್ಟರೆ ವೋಲ್ಟೇಜ್ ಮೇಲೇರಿ ಬ್ಯಾಟರಿ ತಾನೇ ಕಟ್ ಆಗಬಹುದು.

ಇಂಡಕ್ಷನ್ ಬೇಕೇಬೇಕು ಎನ್ನುವವರ ಲೆಕ್ಕ ಇಲ್ಲಿಂದ ಬೇರೆಯಾಗುತ್ತದೆ. 1800 ವ್ಯಾಟ್ ಅರ್ಧ ಗಂಟೆಗೆ 900, ಇನ್ವರ್ಟರಿನ ನಷ್ಟ ಸೇರಿ ಒಂದು ಯೂನಿಟ್ (1,000 ವ್ಯಾಟ್-ಅವರ್). ದಿನದ ಖರ್ಚು ದುಪ್ಪಟ್ಟು, ಪ್ಯಾನೆಲ್ 700 ವ್ಯಾಟ್ ಆದರೂ ಬೇಕು. ಬಿಸಿ ಮಾಡುವ ಕೆಲಸವನ್ನೆಲ್ಲ ಗ್ಯಾಸಿಗೇ ಬಿಡುವುದು ಜಾಣತನ. ಆದರೂ ಮಾಡುವುದಾದರೆ ಬ್ಯಾಟರಿಯಿಂದ ಹೊರಡುವ ಕರೆಂಟ್ ನೋಡಿ: ಸುಮಾರು 155 ಆಂಪ್. 100 ಆಂಪ್‌ನ ಬಿಎಂಎಸ್ (ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್) ಇರುವ ಒಂದೇ ಬ್ಯಾಟರಿ ಅದನ್ನು ತಾಳದೆ ಟ್ರಿಪ್ ಆಗಿ ಇಡೀ ಗಾಡಿ ಕತ್ತಲಾಗುತ್ತದೆ. ಎರಡು ಬ್ಯಾಟರಿ ಪ್ಯಾರಲಲ್ ಹಾಕಿ, ಪ್ಲಸ್ ಅನ್ನು ಒಂದರಿಂದ, ಮೈನಸ್ ಅನ್ನು ಇನ್ನೊಂದರಿಂದ ತೆಗೆಯಿರಿ. ಆಗ ಹೊರೆ ಸಮನಾಗಿ ಹಂಚಿಹೋಗುತ್ತದೆ.

ಕೇಬಲ್‌ನಲ್ಲಿ ಜಿಪುಣತನ ಮಾಡಬೇಡಿ. ಹೋಗಿಬರುವುದು ಸೇರಿ ಮೂರು ಮೀಟರಿನ 16 ಸ್ಕ್ವೇರ್ ಎಂಎಂ ತಾಮ್ರದ ತಂತಿಯಲ್ಲಿ 155 ಆಂಪ್ ಹರಿದರೆ ಅರ್ಧ ವೋಲ್ಟ್ ದಾರಿಯಲ್ಲೇ ಕರಗಿ, 80 ವ್ಯಾಟ್ ಕಾವಾಗಿ ಕೇಬಲ್ ಹೊದಿಕೆಗೆ ಏರುತ್ತದೆ. 70 ಸ್ಕ್ವೇರ್ ಎಂಎಂ ಹಾಕಿದರೆ ಇಳಿಯುವುದು 0.12 ವೋಲ್ಟ್ ಮಾತ್ರ. 2000 ವ್ಯಾಟಿನ ಇನ್ವರ್ಟರಿಗೆ 250 ಆಂಪ್‌ನ ಕ್ಲಾಸ್ ಟಿ ಫ್ಯೂಸನ್ನು (ಭಾರೀ ಶಾರ್ಟ್ ಸರ್ಕ್ಯೂಟನ್ನೂ ಕಡಿಯಬಲ್ಲ ಬಗೆ) ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ ಕೂರಿಸಿ. ಫ್ಯೂಸಿನ ಹಿಂದಿನ ತಂತಿಗೆ ರಕ್ಷಣೆಯೇ ಇಲ್ಲ. ಕೇಬಲ್ ತುದಿಗೆ ಹಾಕುವ ಲಗ್ ಅನ್ನು ಸುತ್ತಿಗೆಯಿಂದ ಬಡಿಯದೆ ಹೈಡ್ರಾಲಿಕ್ ಕ್ರಿಂಪರ್‌ನಿಂದ ಒತ್ತಿ, ಎಳೆದು ನೋಡಿ.

ಜೋಡಿಸುವಾಗ ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಇದರ ಉಲ್ಟಾ. ಹೊರಗಿನ ಕರೆಂಟ್ ಸಂಪರ್ಕವೂ ಇದ್ದರೆ ಅದೂ ಇನ್ವರ್ಟರೂ ಎಂದೂ ಒಂದೇ ತಂತಿಯಲ್ಲಿ ಸೇರದಂತೆ ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಅರ್ತಿಂಗ್ ಮತ್ತು ಆರ್‌ಸಿಡಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಕೆಲಸವನ್ನು ಬಲ್ಲ ಎಲೆಕ್ಟ್ರಿಷಿಯನ್‌ಗೆ ಕೊಡಿ.

ಬ್ಯಾಟರಿ ತುಂಬಿದ್ದರೂ ಇನ್ವರ್ಟರ್ ‘ಲೋ ಬ್ಯಾಟರಿ’ ಎಂದು ಕೂಗಿಕೊಂಡರೆ ಬ್ಯಾಟರಿಯನ್ನು ಬೈಯಬೇಡಿ. ಪೂರ್ತಿ ಲೋಡ್ ಹಾಕಿ, ಮಲ್ಟಿಮೀಟರನ್ನು ಮೊದಲು ಬ್ಯಾಟರಿ ಟರ್ಮಿನಲ್‌ಗೆ, ಆಮೇಲೆ ಇನ್ವರ್ಟರ್ ಟರ್ಮಿನಲ್‌ಗೆ ಹಿಡಿಯಿರಿ. ಎರಡರ ನಡುವೆ 0.4 ವೋಲ್ಟ್‌ಗಿಂತ ಹೆಚ್ಚು ಅಂತರವಿದ್ದರೆ ಕೇಬಲ್ ತೆಳುವಾಗಿದೆ ಅಥವಾ ಯಾವುದೋ ನಟ್ ಸಡಿಲವಾಗಿದೆ. ಲೋಡ್ ಆಫ್ ಮಾಡಿ ಒಂದೊಂದೇ ಜೋಡಣೆಯ ಹತ್ತಿರ ಅಂಗೈ ತನ್ನಿ: ಯಾವುದು ಉಳಿದವಕ್ಕಿಂತ ಬಿಸಿಯೋ ಅದೇ ಸಡಿಲವಾದದ್ದು.