ಹದಿನೇಳನೇ ರೆಫರೆನ್ಸು

ಕಮ್ಯುನಿಟಿ ಮೆಡಿಸಿನ್ ಎಂಡಿಯ ಥೀಸಿಸ್ಸಿಗೆ ನಾನು ಆರಿಸಿಕೊಂಡದ್ದು ಮಂಗನ ಕಾಯಿಲೆ, ಇಂಗ್ಲಿಷಿನಲ್ಲಿ ಕ್ಯಾಸನೂರ್ ಫಾರೆಸ್ಟ್ ಡಿಸೀಸ್. ಕರಡು ಒಪ್ಪಿಸಿದ ದಿನ ಗೈಡ್ ಮೇಡಂ ನಡುವಿನ ಒಂದು ಪುಟ ತೆರೆದು ಬೆರಳಿಟ್ಟರು. "ಎರಡು ಡೋಸ್ ಲಸಿಕೆಯಿಂದ ಶೇ 62.4 ರಕ್ಷಣೆ ಅಂತ ಬರ್ದಿದೀಯಲ್ಲ, ಹದಿನೇಳನೇ ರೆಫರೆನ್ಸು. ತೆಗಿ ನೋಡೋಣ."

ತೆಗೆದೆ. ಹದಿನೇಳು ಅಂದರೆ 2011–12ರ ಹಾವಳಿಯ ವರದಿ. ಆ ಅಂಕಿ ಬಂದಿದ್ದು ಅಲ್ಲಿಂದಲ್ಲ, 2005–10ರ ಲಸಿಕೆಯ ಪರಿಣಾಮ ಅಳೆದ ಲೇಖನದಿಂದ. ಅದು ನನ್ನ ಪಟ್ಟಿಯಲ್ಲಿ ಹದಿನೆಂಟಕ್ಕೆ ಜಾರಿತ್ತು. ಎರಡಕ್ಕೂ ಮೊದಲ ಲೇಖಕರು ಕಸಬಿ, ಎರಡೂ 2013ರವು. ಹಾಗಾಗಿ ಮೂರು ಸಲ ತಿದ್ದಿದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಆಗಿದ್ದು ಇಷ್ಟೇ. ನಂಬರುಗಳನ್ನೆಲ್ಲ ಕೈಯಲ್ಲೇ ಟೈಪ್ ಮಾಡಿದ್ದೆ. ಕೊನೆ ಗಳಿಗೆಯಲ್ಲಿ ಪೀಠಿಕೆಗೆ ಒಂದು ಲೇಖನ ಸೇರಿಸಿದೆ. ರೆಫರೆನ್ಸಿಗೆ ಹೆಸರಿನ ಬದಲು ನಂಬರು ಕೊಡುವ ವ್ಯಾಂಕೂವರ್ ಪದ್ಧತಿಯಲ್ಲಿ ಮೊದಲು ಬಂದವರಿಗೆ ಮೊದಲ ನಂಬರು, ಹಾಗಾಗಿ ಅಲ್ಲಿಂದ ಮುಂದಿನವೆಲ್ಲ ಒಂದೊಂದು ಹೆಜ್ಜೆ ಸರಿಯಬೇಕು. ಪಟ್ಟಿಯನ್ನು ಸರಿಸಿದೆ, ಒಳಗಿನ ಕೆಲವನ್ನು ಬಿಟ್ಟೆ. ಹೆಸರು-ಇಸವಿ ಬರೆಯುವ ಪದ್ಧತಿಯಾಗಿದ್ದರೆ ತಪ್ಪು ಹೆಸರು ಓದುವಾಗಲೇ ಚುಚ್ಚುತ್ತದೆ. ನಂಬರಿಗೆ ಮುಖವಿಲ್ಲ, 17 ಇದ್ದರೂ 18 ಇದ್ದರೂ ಸಾಲು ಅಷ್ಟೇ ಗಂಭೀರವಾಗಿ ಕಾಣುತ್ತದೆ. ಈ ಪದ್ಧತಿ ಹುಟ್ಟಿದ್ದು 1978ರಲ್ಲಿ, ವೈದ್ಯಕೀಯ ಪತ್ರಿಕೆಗಳ ಕೆಲವು ಸಂಪಾದಕರು ಕೆನಡಾದ ವ್ಯಾಂಕೂವರಿನಲ್ಲಿ ಸೇರಿದಾಗ. ಅವರಿಗೆ ಚೊಕ್ಕ ಪುಟ ಸಿಕ್ಕಿತು, ನಮಗೆ ಈ ಕಣ್ಣಾಮುಚ್ಚಾಲೆ.

ಅಂದಿನಿಂದ ಕರಡಿನಲ್ಲಿ ನಂಬರು ಹಾಕುವುದನ್ನೇ ಬಿಟ್ಟೆ. ವಾಕ್ಯದ ಕೊನೆಗೆ "ಕಸಬಿ 2013 ಲಸಿಕೆ", "ಪಟ್ನಾಯಕ್ 2006" ಎಂದು ಆವರಣದಲ್ಲಿ ಹಳದಿ ಬಣ್ಣ ಬಳಿದು ಬರೆಯುತ್ತೇನೆ. ಬರಹ ಒಂದು ನೆಲೆಗೆ ಬಂದಮೇಲೆ ಒಂದೊಂದೇ ಹಳದಿ ತೆಗೆದು, ರೆಫರೆನ್ಸು ಜೋಡಿಸಿಕೊಡುವ ಝೊಟೆರೊ ಎಂಬ ಸಾಫ್ಟ್‌ವೇರಿನಿಂದ ತುಂಬುತ್ತೇನೆ. ವೈದ್ಯಕೀಯ ಲೇಖನಗಳ ಆನ್‌ಲೈನ್ ಪಟ್ಟಿಯಾದ ಪಬ್‌ಮೆಡ್ ಪ್ರತಿ ಲೇಖನಕ್ಕೂ ಕೊಡುವ ಸಂಖ್ಯೆ, ಅಂದರೆ ಪಿಎಂಐಡಿ, ಕೊಟ್ಟರೆ ವಿವರ ತಾನೇ ಬರುತ್ತದೆ. ಆದರೆ ಬಂದದ್ದನ್ನು ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಕೆಲವೊಮ್ಮೆ ಶೀರ್ಷಿಕೆಯ ಪ್ರತಿ ಪದಕ್ಕೂ ಇಂಗ್ಲಿಷಿನ ದೊಡ್ಡಕ್ಷರ ಬಂದಿರುತ್ತದೆ. ಅದನ್ನು ಸಣ್ಣದು ಮಾಡಲು ಹೋದರೆ ಕ್ಯಾಸನೂರಿನ ಮೊದಲಕ್ಷರವೂ ಸಣ್ಣದಾಗಿಬಿಡುತ್ತದೆ!

ಪಟ್ಟಿಯಲ್ಲಿ ಒಂದು ನಮೂದು ಹೀಗಿರುತ್ತದೆ: ಪಟ್ನಾಯಕ್ ಪಿ. ಕ್ಯಾಸನೂರ್ ಫಾರೆಸ್ಟ್ ಡಿಸೀಸ್: ಆ್ಯನ್ ಎಪಿಡೆಮಿಯಾಲಜಿಕಲ್ ವ್ಯೂ ಇನ್ ಇಂಡಿಯಾ. ರೆವ್ ಮೆಡ್ ವೈರಾಲ್. 2006;16(3):151-65. ಲೇಖಕರು, ಶೀರ್ಷಿಕೆ, ಪತ್ರಿಕೆಯ ಚುಟುಕು ಹೆಸರು, ಆಮೇಲೆ ಇಸವಿ, ಸಂಪುಟ, ಸಂಚಿಕೆ, ಪುಟ. ಕೊನೆಯ ಪುಟ 165ರಲ್ಲಿ ಮತ್ತೆ ಬರುವ 1 ಬಿಡುತ್ತಾರೆ. ಕಸಬಿಯವರ ಲಸಿಕೆ ಲೇಖನಕ್ಕೆ ಏಳು ಜನ ಲೇಖಕರು. ಆರು ಹೆಸರು ಬರೆದು "ಎಟ್ ಆಲ್", ಅಂದರೆ ಮತ್ತಿತರರು, ಅನ್ನಬೇಕು. ಲ್ಯಾನ್ಸೆಟ್ ಪತ್ರಿಕೆಗೆ ಕಳಿಸುವುದಾದರೆ ಮೂರೇ ಹೆಸರು ಸಾಕು. ಕಸಬಿಯವರ ಆ ಲೇಖನ ಬಂದದ್ದು ಆನ್‌ಲೈನ್ ಪತ್ರಿಕೆಯಲ್ಲಿ. ಅದಕ್ಕೆ ಪುಟಗಳಿಲ್ಲ, ಇ2025 ಎಂಬ ಗುರುತು ಮಾತ್ರ. ಪುಟ ಬಿಟ್ಟುಹೋಗಿದೆ ಎಂದು ನಾನು ಅರ್ಧ ಗಂಟೆ ಹುಡುಕಿದ್ದೆ.

ಕೋಷ್ಟಕದೊಳಗಿನ ರೆಫರೆನ್ಸು ಇನ್ನೊಂದು ಬಲೆ. ಕೋಷ್ಟಕ ಯಾವ ಪುಟದಲ್ಲಿ ಕೂತಿದೆ ಅನ್ನುವುದಲ್ಲ, "ಕೋಷ್ಟಕ 2 ನೋಡಿ" ಎಂದು ಬರಹದಲ್ಲಿ ಮೊದಲು ಎಲ್ಲಿ ಬರುತ್ತದೋ ಆ ಜಾಗದ ಸರದಿಯಂತೆ ಅದಕ್ಕೆ ನಂಬರು. ಸಾಫ್ಟ್‌ವೇರಿಗೆ ಇದು ತಿಳಿಯದು, ನಾವೇ ನೋಡಿಕೊಳ್ಳಬೇಕು.

ಇವೆಲ್ಲ ಆದಮೇಲೂ ಮೇಡಂ ಬಿಡಲಿಲ್ಲ. "ಮೂರನೇದು ಓದಿದೀಯಾ?" ಮೂರನೆಯದು 1957ರಲ್ಲಿ ವರ್ಕ್ ಮತ್ತು ಟ್ರಾಪಿಡೊ ಈ ಕಾಯಿಲೆಯ ಬಗ್ಗೆ ಬರೆದ ಮೊದಲ ವರದಿ. ಓದಿರಲಿಲ್ಲ, ಬೇರೆಯವರ ಪಟ್ಟಿಯಿಂದ ಎತ್ತಿದ್ದೆ. ನನ್ನ ಹತ್ತಿರವಿದ್ದ ಎರಡು ಲೇಖನಗಳಲ್ಲಿ ಅದರ ಪುಟಸಂಖ್ಯೆ ಬೇರೆ ಬೇರೆ ಇತ್ತು, ಯಾವುದು ಸರಿ ಅಂತ ಕೇಳಿದರೆ ಏನು ಹೇಳಲಿ? ಮೇಡಂ ಕೂರಿಸಿ 1980ರ ಕಥೆ ಹೇಳಿದರು. ನೋವಿಗೆ ಕೊಡುವ ಅಫೀಮು ವರ್ಗದ ಔಷಧಿಯಿಂದ ಚಟ ಹತ್ತುವುದು ಅಪರೂಪ ಎಂದು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಐದೇ ವಾಕ್ಯದ ಪತ್ರ. 2017ರಲ್ಲಿ ಎಣಿಸಿದಾಗ 608 ಕಡೆ ಉಲ್ಲೇಖ. ಆ ರೋಗಿಗಳು ಆಸ್ಪತ್ರೆಯಲ್ಲಿ ದಾಖಲಾದವರು ಎಂಬುದನ್ನು ಹೆಚ್ಚಿನವರು ಹೇಳಲೇ ಇಲ್ಲ.

ಗ್ರಂಥಾಲಯದಲ್ಲಿ ಆ ಹಳೆಯ ಸಂಪುಟ ಸಿಗಲಿಲ್ಲ. ವರ್ಕ್, ಟ್ರಾಪಿಡೊ ಅವರನ್ನು ಪಟ್ಟಿಯಿಂದ ತೆಗೆದು, ವಾಕ್ಯಕ್ಕೆ ಪಟ್ನಾಯಕರ ನಂಬರು ಹಾಕಿದೆ. ಮತ್ತೆ ಎಲ್ಲ ಒಂದೊಂದು ಹೆಜ್ಜೆ ಹಿಂದೆ ಸರಿಯಬೇಕಾಯಿತು. ಈ ಸಲ ಒಂದು ಗುಂಡಿ ಒತ್ತಿ ಚಹಾಕ್ಕೆ ಎದ್ದು ಹೋದೆ.