ಅಪರೂಪದ ಇರುವೆ: ಅಂಗ ನೋಡಿ ಗುರುತಿಸುವುದು, ವಿವರಣೆ ಬರೆಯುವುದು

ಗುರುತು ಪತ್ತೆಯ ಕೀ, ಅಂದರೆ ಲಕ್ಷಣಗಳನ್ನು ಒಂದೊಂದಾಗಿ ಕೇಳುತ್ತಾ ಹೆಸರಿಗೆ ತಲುಪಿಸುವ ಪಟ್ಟಿ, ಹಿಡಿದು ಕೂತರೆ ಅದು ಯಾವುದೋ ಒಂದು ಹೆಸರು ಕೊಟ್ಟೇ ಕೊಡುತ್ತದೆ, ನಿಮ್ಮ ಇರುವೆ ಆ ಪಟ್ಟಿಯಲ್ಲಿ ಇಲ್ಲದಿದ್ದರೂ. ಅಪರೂಪದ ಪ್ರಭೇದಗಳು ತಪ್ಪು ಹೆಸರಿನಡಿ ಕೂತುಬಿಡುವುದು ಹೀಗೆಯೇ. ತಲೆ ಸ್ವಲ್ಪ ಓರೆಯಾಗಿ ಕಂಡದ್ದಕ್ಕೆ ಇಲ್ಲದ ಹೊಸ ಪ್ರಭೇದ ಹುಟ್ಟುವುದೂ ಉಂಟು. ಎರಡಕ್ಕೂ ಮದ್ದು ಒಂದೇ: ಹೆಸರಿನ ಯೋಚನೆ ಬದಿಗಿಟ್ಟು, ಅಂಗಗಳನ್ನು ನಿಗದಿತ ಭಂಗಿಯಲ್ಲಿ ನೋಡಿ ಒಂದೊಂದಾಗಿ ಬರೆದುಕೊಳ್ಳುವುದು.

ಮಾದರಿ ಸಿದ್ಧಪಡಿಸುವುದು

ಬಹುಪಾಲು ಕೀಗಳು ಕೆಲಸಗಾರ ಇರುವೆಗಳನ್ನು ಆಧರಿಸಿವೆ. ಸಾಧ್ಯವಿದ್ದರೆ ಒಂದೇ ಗೂಡಿನಿಂದ ಹತ್ತಾದರೂ ಕೆಲಸಗಾರರನ್ನು ಶೇ 95ರ ಎಥನಾಲ್‌ನಲ್ಲಿ ಹಾಕಿ. ಡಿಎನ್‌ಎ ಪರೀಕ್ಷೆ ಬೇಕಾದರೆ ಅದು ಉಳಿಯುವುದು ಈ ಸಾಂದ್ರತೆಯಲ್ಲಿ.

ಸುಮಾರು 8 ಮಿ.ಮೀ. ಉದ್ದದ ತ್ರಿಕೋನ ಕಾರ್ಡಿನ ಅಗಲ ತುದಿಗೆ 2 ಅಥವಾ 3ನೇ ನಂಬರಿನ ಕೀಟಪಿನ್ನು ಚುಚ್ಚಿ. ಚೂಪು ತುದಿಗೆ ನೀರಿನಲ್ಲಿ ಕರಗುವ ಅಂಟು ಸೋಕಿಸಿ, ಇರುವೆಯ ಬಲಬದಿಯಲ್ಲಿ ನಡುಗಾಲು ಮತ್ತು ಹಿಂಗಾಲುಗಳ ಬುಡದ ಕೆಳಗೆ ತಾಗಿಸಿ. ಅಂಟು ಸಾಸಿವೆಯ ಚೂರಿಗಿಂತ ಹೆಚ್ಚಾಗಬಾರದು. ಹೆಚ್ಚಾದರೆ ಹಿಂದಕ್ಕೆ ಹರಿದು ಸೊಂಟದ ಗಂಟಿನ ತಳವನ್ನು ಮುಚ್ಚುತ್ತದೆ. ಹತ್ತಿರದ ಪ್ರಭೇದಗಳ ನಡುವಿನ ವ್ಯತ್ಯಾಸ ಎಷ್ಟೋ ಸಲ ಇರುವುದು ಅಲ್ಲಿನ ಪುಟ್ಟ ಉಬ್ಬಿನಲ್ಲೇ.

ಸೊಂಟದಿಂದ ಶುರು

ಮೊಣಕೈಯಂತೆ ಮುರಿದ ಕುಡಿಮೀಸೆ ಮತ್ತು ಗಂಟುಳ್ಳ ಸೊಂಟ, ಇವೆರಡೂ ಇದ್ದರೆ ಬಹುತೇಕ ಅದು ಇರುವೆಯೇ. ಆಮೇಲೆ ಗಂಟುಗಳನ್ನು ಎಣಿಸಿ. ಒಂದೇ ಗಂಟಿದ್ದು, ಹೊಟ್ಟೆಯ ತುದಿಯಲ್ಲಿ ಸುತ್ತ ಕೂದಲಿರುವ ದುಂಡು ರಂಧ್ರ ಕಂಡರೆ ಫಾರ್ಮಿಸಿನೇ. ಗೊದ್ದ, ಚಗಳಿ ಇರುವೆಗಳು ಈ ಉಪಕುಟುಂಬದವು. ರಂಧ್ರದ ಬದಲು ಅಡ್ಡ ಸೀಳು ಕಂಡರೆ ಡೋಲಿಕೊಡೆರಿನೇ. ಒಂದು ಗಂಟು, ಕುಟುಕುವ ಮುಳ್ಳು, ಹೊಟ್ಟೆಯ ಮೊದಲ ಎರಡು ಖಂಡಗಳ ನಡುವೆ ದಾರ ಬಿಗಿದಂಥ ಇರುಕು ಇದ್ದರೆ ಪೊನೆರಿನೇ ಅಥವಾ ಅದರ ನೆಂಟರು. ಆದರೆ ಉದ್ದ ದವಡೆಯ ಒಡೊಂಟೊಮ್ಯಾಕಸ್‌ನಲ್ಲಿ ಈ ಇರುಕು ಮಸುಕು, ಮೋಸ ಹೋಗಬೇಡಿ. ಎರಡು ಗಂಟಿದ್ದರೆ ಮೊದಲು ನೋಡಬೇಕಾದ್ದು ಮಿರ್ಮಿಸಿನೇ, ಅದೇ ಎಲ್ಲಕ್ಕಿಂತ ದೊಡ್ಡ ಉಪಕುಟುಂಬ.

ಎಣಿಸುವ ಅಂಗಗಳು

ಕುಡಿಮೀಸೆಯ ಖಂಡಗಳನ್ನು ಬುಡದ ಉದ್ದ ಖಂಡವಾದ ಸ್ಕೇಪನ್ನೂ ಸೇರಿಸಿ ಎಣಿಸಿ. ಫೀಡೋಲ್ ಕುಲದಲ್ಲಿ ಸಾಮಾನ್ಯವಾಗಿ 12, ತುದಿಯಲ್ಲಿ ಮೂರು ಖಂಡಗಳ ಗದೆ. ಸೊಲೆನಾಪ್ಸಿಸ್‌ನಲ್ಲಿ 10, ಗದೆ ಎರಡೇ ಖಂಡದ್ದು. ಸ್ಕೇಪಿನ ಪಕ್ಕದ ಗಿಡ್ಡ ಖಂಡಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುವುದರಿಂದ ತಪ್ಪುವುದು ಅಲ್ಲೇ. ತುದಿಯಿಂದ ಬುಡಕ್ಕೆ, ಎರಡೂ ಕುಡಿಮೀಸೆಗಳಲ್ಲಿ ಎಣಿಸಿ.

ದವಡೆಯ ಹಲ್ಲು ಇನ್ನೂ ಕಷ್ಟ. ಒಣಗಿದ ಇರುವೆಯ ದವಡೆ ಮುಚ್ಚಿದ್ದರೆ ಬುಡದ ಹಲ್ಲುಗಳು ತಲೆಯ ಮುಂಚೂಣಿಯ ಫಲಕವಾದ ಕ್ಲೈಪಿಯಸ್‌ನ ಅಡಿ ಅಡಗಿರುತ್ತವೆ. ಒದ್ದೆ ಕಾಗದ ಹಾಸಿದ ಮುಚ್ಚಳದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟು ಮೆತ್ತಗಾದ ಮೇಲೆ ಅತಿ ಸಣ್ಣ ಪಿನ್ನಿನ ತುದಿಯಿಂದ ಬಿಡಿಸಿ. ಒಣಗಿದ್ದನ್ನೇ ಎಳೆದರೆ ದವಡೆ ಕಿತ್ತು ಬರುತ್ತದೆ. ಮುದಿ ಕೆಲಸಗಾರರ ಹಲ್ಲು ಸವೆದಿರುತ್ತದೆ, ಹಾಗಾಗಿ ಒಂದೇ ಇರುವೆಯ ಲೆಕ್ಕವನ್ನು ನಂಬಬೇಡಿ.

ಅಳತೆ, ಅದರ ದೊಡ್ಡ ತಪ್ಪು

ಮೈಕ್ರೋಸ್ಕೋಪಿನ ಕಣ್ಣುಗಾಜಿನಲ್ಲಿರುವ ಅಳತೆಪಟ್ಟಿಯನ್ನು ನೀವು ಬಳಸುವ ಪ್ರತಿಯೊಂದು ವರ್ಧನೆಗೂ ಪ್ರತ್ಯೇಕವಾಗಿ ಸರಿಹೊಂದಿಸಿ. ಕನಿಷ್ಠ ಬೇಕಾದವು ನಾಲ್ಕು. ಕಣ್ಣು ಬಿಟ್ಟು ತಲೆಯ ಅತಿ ಹೆಚ್ಚಿನ ಅಗಲ. ಕ್ಲೈಪಿಯಸ್‌ನ ಮುಂದಿನ ಅಂಚಿನಿಂದ ತಲೆಯ ಹಿಂದಿನ ಅಂಚಿನ ನಡುವಿನವರೆಗಿನ ಉದ್ದ. ಬುಡದ ಗುಂಡು ಮತ್ತು ಅದರ ಕತ್ತು ಬಿಟ್ಟು ಸ್ಕೇಪಿನ ಉದ್ದ. ಪಕ್ಕದಿಂದ ನೋಡಿದಾಗ ಎದೆಭಾಗದ ಓರೆ ಉದ್ದ. ಅಗಲವನ್ನು ಉದ್ದದಿಂದ ಭಾಗಿಸಿ 100ರಿಂದ ಗುಣಿಸಿದರೆ ತಲೆಯ ಸೂಚ್ಯಂಕ. ಸ್ಕೇಪನ್ನು ತಲೆಯ ಅಗಲದಿಂದ ಭಾಗಿಸಿ ಹಾಗೇ ಮಾಡಿದರೆ ಸ್ಕೇಪ್ ಸೂಚ್ಯಂಕ.

ತಲೆಯನ್ನು ಪೂರ್ಣಮುಖ ಭಂಗಿಯಲ್ಲಿ ಇಡದೆ ಅಳೆದರೆ ಎಲ್ಲವೂ ಕೆಡುತ್ತದೆ. ಉದ್ದ 0.80 ಮಿ.ಮೀ., ಅಗಲ 0.68 ಮಿ.ಮೀ. ಇದ್ದರೆ ಸೂಚ್ಯಂಕ 85. ಅದೇ ತಲೆ ಮುಂದಕ್ಕೋ ಹಿಂದಕ್ಕೋ 20 ಡಿಗ್ರಿ ಬಾಗಿದ್ದರೆ ಉದ್ದ 0.75ರ ಸುಮಾರಿಗೆ ಕುಗ್ಗಿ ಸೂಚ್ಯಂಕ 91ಕ್ಕೆ ಏರುತ್ತದೆ. ಪ್ರಭೇದ ಬೇರೆ ಎನ್ನಲು ಅಷ್ಟು ಸಾಕು ಅನ್ನಿಸಿಬಿಡುತ್ತದೆ! ಆದ್ದರಿಂದ ಪಿನ್ನನ್ನು ಜೇಡಿಮಣ್ಣಿನ ಉಂಡೆಗೆ ಸಿಕ್ಕಿಸಿ, 80 ಪಟ್ಟು ಅಥವಾ ಹೆಚ್ಚಿನ ವರ್ಧನೆಯಲ್ಲಿ ಕ್ಲೈಪಿಯಸ್‌ನ ಮುಂದಿನ ಅಂಚೂ ತಲೆಯ ಹಿಂದಿನ ಅಂಚೂ ಒಟ್ಟಿಗೆ ಸ್ಪಷ್ಟವಾಗುವ ತನಕ ಓರೆ ಮಾಡುತ್ತಾ ಹೋಗಿ. ಒಂದು ಅಂಚು ಮಸುಕಾಗಿದ್ದರೆ ತಲೆ ಇನ್ನೂ ಬಾಗಿದೆ ಎಂದೇ ಅರ್ಥ.

ಮೇಲ್ಮೈ ಕೆತ್ತನೆ ನೋಡುವಾಗ ದೀಪಕ್ಕೂ ಇರುವೆಗೂ ನಡುವೆ ಟ್ರೇಸಿಂಗ್ ಪೇಪರಿನ ಸುರುಳಿ ನಿಲ್ಲಿಸಿ. ನೇರ ಬೆಳಕು ಬಿದ್ದರೆ ಒರಟು ಮೈಯೂ ಹೊಳೆಯುತ್ತದೆ, ಸಣ್ಣ ಗೆರೆಗಳು ಕಾಣದೇ ಹೋಗುತ್ತವೆ. ಕೂದಲು ನೆಟ್ಟಗಿದೆಯೋ ಮೈಗೆ ಅಂಟಿದೆಯೋ ಬರೆಯಿರಿ. ಬೋಳಾಗಿ ಕಂಡರೆ ಉಜ್ಜಿ ಉದುರಿದ್ದೇ ಎಂದು ಬೇರೆ ಮಾದರಿಗಳಲ್ಲಿ ನೋಡಿ. ಬಣ್ಣಕ್ಕೆ ಕೊನೆಯ ಜಾಗ, ಏಕೆಂದರೆ ಕೋಶದಿಂದ ಆಗಷ್ಟೇ ಹೊರಬಂದ ಕೆಲಸಗಾರ ತೀರಾ ಪೇಲವವಾಗಿರುತ್ತದೆ.

ಹೊಸದು ಎನ್ನುವ ಮುಂಚೆ

ಒಂದೇ ಗೂಡಿನ ಸಣ್ಣ ಮತ್ತು ದೊಡ್ಡ ಕೆಲಸಗಾರರನ್ನು ಎರಡು ಪ್ರಭೇದ ಎಂದುಕೊಳ್ಳುವುದು ಹಳೆಯ ತಪ್ಪು. ಹೊಸ ಗೂಡಿನ ಮೊದಲ ತಂಡದ ಕೆಲಸಗಾರರು ಕುಳ್ಳಾಗಿರುತ್ತಾರೆ. ಮರ್ಮಿಥಿಡ್ ಎಂಬ ಪರಾವಲಂಬಿ ಹುಳು ಹೊಕ್ಕ ಇರುವೆಯ ಹೊಟ್ಟೆ ಉಬ್ಬಿ, ತಲೆಯ ಅಳತೆಯೂ ಬದಲಾಗಬಹುದು. ಇವನ್ನೆಲ್ಲ ದಾಟಿದ ಮೇಲೆ, ಆ ಕುಲದ ಮೂಲ ವಿವರಣೆಗಳನ್ನು ಓದಿ, ಅತಿ ಹತ್ತಿರದ ಪ್ರಭೇದದ ಟೈಪ್ ಮಾದರಿಗೋ (ಹೆಸರಿಗೆ ಆಧಾರವಾಗಿಟ್ಟ ಮೂಲ ಮಾದರಿ) ಅದರ ಒಳ್ಳೆಯ ಚಿತ್ರಗಳಿಗೋ ಹೋಲಿಸಿ. ವ್ಯತ್ಯಾಸವನ್ನು ಒಂದು ವಾಕ್ಯದಲ್ಲಿ ಹೇಳಲಾಗದಿದ್ದರೆ ಇನ್ನೂ ಕಾಯುವುದೇ ಸರಿ.

ಒಂದೇ ಮಾದರಿ ಸಿಕ್ಕಿದೆ ಎಂದರೆ ವಿವರಿಸಬಾರದೆಂದಲ್ಲ. 2008ರಲ್ಲಿ ಮಾರ್ಶಿಯಾಲಿಸ್ ಹ್ಯೂರೆಕಾ ಎಂಬ ಕುರುಡು ಇರುವೆಯನ್ನು, ಅಮೆಜಾನಿನ ಮನಾಸ್ ಬಳಿ 2003ರಲ್ಲಿ ಸಿಕ್ಕ ಒಂದೇ ಕೆಲಸಗಾರನ ಮೇಲೆ ವಿವರಿಸಿ, ಅದಕ್ಕೆ ಹೊಸ ಉಪಕುಟುಂಬವನ್ನೇ ಮಾಡಿದರು. ಅಲ್ಲಿನ ವ್ಯತ್ಯಾಸ ಅಷ್ಟು ದೊಡ್ಡದಿತ್ತು. ತಲೆಯ ಸೂಚ್ಯಂಕದಲ್ಲಿ ಮೂರು ಅಂಕ ಹೆಚ್ಚು ಕಡಿಮೆ ಎಂಬಷ್ಟಕ್ಕೇ ಒಂಟಿ ಮಾದರಿ ಸಾಲದು.

ಬರವಣಿಗೆ

ಹತ್ತಿರದ ಪ್ರಭೇದಗಳಿಂದ ಬೇರ್ಪಡಿಸುವ ಲಕ್ಷಣಗಳನ್ನು ಮೊದಲು ಬರೆಯಿರಿ. ಆಮೇಲೆ ತಲೆ, ಎದೆ, ಸೊಂಟ, ಹೊಟ್ಟೆ ಎಂಬ ಕ್ರಮದಲ್ಲಿ ಪೂರ್ತಿ ವಿವರಣೆ. "ದೊಡ್ಡ ಕಣ್ಣು" ಎನ್ನಬೇಡಿ. ಉದ್ದದ ಸಾಲಿನಲ್ಲಿ ಎಷ್ಟು ಕಣ್ಣುಘಟಕ ಎಂದು ಬರೆಯಿರಿ. ಅಳತೆಗಳಿಗೆ ಕನಿಷ್ಠ, ಗರಿಷ್ಠ, ಎಷ್ಟು ಇರುವೆ ಎಂಬ ಮೂರೂ ಬೇಕು. ಚಿತ್ರ ಮೂರು: ಪೂರ್ಣಮುಖ, ಪಕ್ಕದ ನೋಟ, ಮೇಲಿನ ನೋಟ, ಎಲ್ಲದರಲ್ಲೂ ಅಳತೆಗೆರೆ.

1999ರ ನಂತರ ಪ್ರಕಟವಾಗುವ ಹೆಸರಿಗೆ ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯ ಪ್ರಕಾರ ಅದು ಹೊಸ ಪ್ರಭೇದ ಎಂದು ಸ್ಪಷ್ಟವಾಗಿ ಹೇಳಬೇಕು, ಹೋಲೋಟೈಪನ್ನು, ಅಂದರೆ ಹೆಸರಿಗೆ ಆಧಾರವಾದ ಒಂದೇ ಮಾದರಿಯನ್ನು, ಗೊತ್ತುಪಡಿಸಬೇಕು, ಅದು ಯಾವ ಸಂಗ್ರಹದಲ್ಲಿದೆ ಎಂದೂ ತಿಳಿಸಬೇಕು. ಕೇವಲ ಎಲೆಕ್ಟ್ರಾನಿಕ್ ಪ್ರಕಟಣೆಯಾದರೆ ಪ್ರಾಣಿಹೆಸರುಗಳ ಅಧಿಕೃತ ಆನ್‌ಲೈನ್ ದಾಖಲೆಯಾದ ಝೂಬ್ಯಾಂಕ್‌ನಲ್ಲಿ ನೋಂದಣಿ ಪ್ರಕಟಣೆಗೆ ಮುಂಚೆ ಆಗಿರಬೇಕು, ಅದರ ಸಾಕ್ಷ್ಯ ಲೇಖನದಲ್ಲೇ ಕಾಣಬೇಕು. ಹೆಸರು ಲ್ಯಾಟಿನ್ ವಿಶೇಷಣವಾಗಿದ್ದರೆ ಅದರ ಲಿಂಗ ಕುಲದ ಹೆಸರಿಗೆ ಹೊಂದಲಿ.

ಪಿನ್ನಿನ ಚೀಟಿಯಲ್ಲಿ ಸ್ಥಳ, ಅಕ್ಷಾಂಶ ರೇಖಾಂಶ, ಎತ್ತರ, ದಿನಾಂಕ, ಸಂಗ್ರಹಿಸಿದವರು, ಸಿಕ್ಕಿದ್ದು ತರಗೆಲೆಯಲ್ಲೋ ಕೊಳೆತ ಮರದಲ್ಲೋ ಎಂಬುದಿರಲಿ. ಹೋಲೋಟೈಪಿಗೆ ಕೆಂಪು ಚೀಟಿ ಹಾಕುವುದು ರೂಢಿ. ಪ್ಯಾರಾಟೈಪುಗಳನ್ನು, ಅಂದರೆ ವಿವರಣೆಗೆ ಬಳಸಿದ ಉಳಿದ ಮಾದರಿಗಳನ್ನು, ಎರಡು ಮೂರು ಸಂಸ್ಥೆಗಳಿಗೆ ಹಂಚಿಡಿ, ಒಂದು ಕಡೆ ಬೆಂಕಿಯೋ ಫಂಗಸ್ಸೋ ತಗುಲಿದರೂ ಇನ್ನೊಂದು ಕಡೆ ಉಳಿಯುತ್ತದೆ.