ಕೊಕ್ಕೊ ತೋಟದಲ್ಲಿ ಪೆಟ್ಟಿಗೆಯೊಳಗಿನ ಇಲಿಕತ್ತರಿ: ನನ್ನ ಅನುಭವ

"ಇಲಿಗೆ ಮನೆ ಕಟ್ಟಿಸಿಕೊಡ್ತಿದ್ದೀರಾ ಭಾವ?" ಎಂದು, ಇಲಿಕತ್ತರಿ (ತಿಂಡಿ ಮುಟ್ಟಿದರೆ ಸರಳು ಬಡಿದು ಇಲಿ ಹಿಡಿಯುವ ಸಾಧನ) ಇಡಲು ನಾನು ಮರದ ಪೆಟ್ಟಿಗೆ ಮಾಡಿಸುವಾಗ ಪಕ್ಕದ ತೋಟದವರು ಕೇಳಿದ್ದರು. ಕಳೆದ ತಿಂಗಳು ಅವರೇ ಬಂದು, ನಮಗೂ ಹತ್ತು ಪೆಟ್ಟಿಗೆ ಮಾಡಿಸಿಕೊಡಿ ಎಂದರು. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಪುತ್ತೂರು ಕಡೆಯ ನಮ್ಮ ಅಡಿಕೆ ತೋಟದ ನಡುವೆ ಸುಮಾರು 250 ಕೊಕ್ಕೊ ಗಿಡ ಇವೆ. 2024ರ ಬೇಸಿಗೆಯಲ್ಲಿ ಹಸಿ ಬೀಜದ ಧಾರಣೆ ಕೆಜಿಗೆ 300 ದಾಟಿತಲ್ಲ, ಆಗ ಒಂದೊಂದು ತೂತು ಕಾಯಿ ಕಂಡಾಗಲೂ ಹೊಟ್ಟೆ ಉರಿಯುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಕೊಯ್ಯುವಾಗ 90–100 ಕಾಯಿ ಹಾಳು. 12 ಕಾಯಿಗೆ ಒಂದು ಕೆಜಿ ಹಸಿ ಬೀಜ ಎಂದು ಹಿಡಿದರೂ 8 ಕೆಜಿ ಹೋಯಿತು. ಅಂದರೆ ಕೊಯ್ಲಿಗೆ 2,400 ರೂಪಾಯಿ! ಎಲ್ಲರೂ ಅಳಿಲು ಅಂದರು. ಅಳಿಲು ಕೊರೆಯುವುದು ಕಾಯಿಯ ನಡುವೆ. ನಮ್ಮಲ್ಲಿ ಜಾಸ್ತಿ ತೂತು ಇದ್ದದ್ದು ತೊಟ್ಟಿನ ಹತ್ತಿರ. ಅದು ಇಲಿಯದ್ದೇ ಕೆಲಸ.

ವಿಷದ ಬಿಲ್ಲೆ ಇಟ್ಟು ನೋಡಿದ್ದೆ. ಇಲಿ ಕಮ್ಮಿಯಾಯಿತು, ಮರುವಾರ ಮನೆಯ ಬೆಕ್ಕೂ ಸತ್ತಿತು. ಸತ್ತ ಇಲಿ ತಿಂದೇ ಇರಬೇಕು. ಆಮೇಲೆ ತೋಟಕ್ಕೆ ವಿಷ ತಂದಿಲ್ಲ. ಕತ್ತರಿಯನ್ನು ಸುಮ್ನೆ ನೆಲದಲ್ಲಿಟ್ಟರೆ ಕೋಳಿ ಕಾಲು ಮುರಿದುಕೊಂಡಿತು. ಒಂದು ರಾತ್ರಿ ಇಲಿಯನ್ನು ಕತ್ತರಿ ಸಮೇತ ಯಾವುದೋ ಪ್ರಾಣಿ ಎಳೆದುಕೊಂಡು ಹೋಯಿತು. ಪುನುಗು ಬೆಕ್ಕೇ ಇರಬೇಕು. ಮೂರು ದಿನದ ಮೇಲೆ ಆ ಕತ್ತರಿ ತೋಟದ ಕಣಿಯಲ್ಲಿ (ನೀರು ಹರಿಯುವ ಕಾಲುವೆಯಲ್ಲಿ) ಸಿಕ್ಕಿತು.

ಹಾಗಾಗಿ ಪೆಟ್ಟಿಗೆ ಮಾಡಿಸಿದೆ. ಹಟ್ಟಿಯ ಅಟ್ಟದಲ್ಲಿದ್ದ ಹಲಸಿನ ಹಳೆ ಹಲಗೆಯಲ್ಲಿ 24. ಬಾಗಿಲಿನ ತೂತು ಎರಡೂವರೆ ಇಂಚು. ತೂತಿಗೂ ಕತ್ತರಿಗೂ ನಡುವೆ ಒಂದು ಗೇಣಿನಷ್ಟು ಜಾಗ ಬಿಟ್ಟೆ, ಪುನುಗು ಬೆಕ್ಕು ಕೈ ಹಾಕಿದರೂ ಎಟುಕಬಾರದು. ಕತ್ತರಿಯನ್ನು ತಂತಿಯಲ್ಲಿ ಕಟ್ಟಿದೆ. ಮೊದಲ ವಾರ 17–18 ಕತ್ತರಿ ಖಾಲಿ ಬಡಿದಿತ್ತು. ಸಿಕ್ಕಿದ್ದು 2 ಇಲಿ.

ಮನೆಯಲ್ಲಿ, ಇನ್ನು ಸಾಕು ಬಿಡಿ ಎಂದರು. ನಾನು ಬಿಡಲಿಲ್ಲ. ಒಲೆಯ ಬೂದಿಯನ್ನು ಜರಡಿ ಹಿಡಿದು ಪೆಟ್ಟಿಗೆಯೊಳಗೆ ತೆಳ್ಳಗೆ ಉದುರಿಸಿದೆ. ಬೆಳಗ್ಗೆ ಟಾರ್ಚ್ ಬಿಟ್ಟು ನೋಡಿದರೆ ಎಲ್ಲವೂ ಅಚ್ಚು ಒತ್ತಿದ ಹಾಗೆ ಇತ್ತು. ಇಲಿ ಒಳಗೆ ಬಂದಿದೆ, ಮುಂಗಾಲು ಕತ್ತರಿಯ ಅಂಚಿನ ಮೇಲೆ ಇಟ್ಟಿದೆ, ಅಲ್ಲಿಂದಲೇ ತಿರುಗಿ ಓಡಿದೆ. ಬಾಲ ಎಳೆದ ಗೆರೆ ಕೂಡ ಇತ್ತು. ಕತ್ತರಿಯನ್ನು ಬೆರಳಲ್ಲಿ ಒತ್ತಿದೆ, ಒಂದು ನೂಲಿನಷ್ಟು ಅಲುಗಿತು. ಅಷ್ಟು ಅಲುಗಿದರೆ ಸಾಕು, ಇಲಿ ಹೆದರಿ ಓಡುತ್ತದೆ, ಕತ್ತರಿ ಖಾಲಿ ಬಡಿಯುತ್ತದೆ.

ಮೊಳೆ ಹೊಡೆದೆ. ಅಲುಗುವುದು ನಿಂತಿತು, ಆದರೆ ಒಣ ಹಲಗೆ ಸೀಳಿತು, ಮತ್ತೆ ಹೂಡಲು ಕತ್ತರಿ ಹೊರಗೆ ಬರುವುದಿಲ್ಲ. ಕೊನೆಗೆ ಒಳಗೆ ಎರಡೂ ಬದಿಗೆ ರೀಪು (ಮರದ ಸಪೂರ ಪಟ್ಟಿ) ಹೊಡೆಸಿದೆ. ಕತ್ತರಿಯನ್ನು ಹಿಂದಿನಿಂದ ಡ್ರಾಯರ್ ಹಾಗೆ ತಳ್ಳುವುದು, ತಿಂಡಿ ಇಡುವ ನಾಲಿಗೆ ಬಾಗಿಲ ಕಡೆಗೆ. ಹಿಂದೆ ಬಿದಿರಿನ ಬೆಣೆ. ಬೆಣೆ ಹೊಡೆದ ಮೇಲೆ ಪೆಟ್ಟಿಗೆ ಎತ್ತಿ ಕುಲುಕಿಸಿದರೆ ಕಟಕಟ ಎನ್ನಬಾರದು. ಕತ್ತರಿಯಿಂದ ಒಂದು ಸಣ್ಣ ಸರಪಳಿ ಹಿಂದಿನ ತೂತಿನಿಂದ ಹೊರಗೆ ಬಂದು ಗಿಡಕ್ಕೆ.

ಪೆಟ್ಟಿಗೆಯನ್ನೂ ಕೊಕ್ಕೊ ಗಿಡದ ಕವಲಿಗೆ ಬಿಗಿಯಾಗಿ ಕಟ್ಟಬೇಕಲ್ವಾ? ತೆಂಗಿನ ಹಗ್ಗ ಬಿಸಿಲಿಗೆ ಸಡಿಲವಾಯಿತು. ಹಳೆ ಸೈಕಲ್ ಟ್ಯೂಬ್ ಕತ್ತರಿಸಿ ಎರಡು ಸುತ್ತು ಎಳೆದು ಕಟ್ಟಿದೆ, ಅದು ಇವತ್ತಿಗೂ ಹಾಗೇ ಇದೆ.

ನಡುವೆ 4 ಇಂಚಿನ ಪಿವಿಸಿ ಪೈಪಿನಲ್ಲೂ ಮಾಡಿ ನೋಡಿದೆ. ಕತ್ತರಿಯ ಸರಳು ಪೈಪಿನ ಮೇಲ್ಭಾಗಕ್ಕೆ ತಾಗಿ ಪೆಟ್ಟು ಬೀಳಲಿಲ್ಲ. ಹಲಗೆಗೆ ಸುಟ್ಟ ಆಯಿಲ್ ಬಳಿದೆ, ಇಲಿ ಹತ್ತಿರವೇ ಬರಲಿಲ್ಲ. ಸಾಗರದ ಭಾವ ಒಂದು ಕ್ಯಾನ್ ಅಡಿಕೆ ಚೊಗರು (ಅಡಿಕೆ ಬೇಯಿಸಿದ ಗಟ್ಟಿ ಕೆಂಪು ನೀರು) ಕಳಿಸಿದ್ದರು. ಅದನ್ನು ಬಳಿದ ಪೆಟ್ಟಿಗೆಗಳು ಕೊಕ್ಕೊ ತೊಗಟೆಯ ಬಣ್ಣಕ್ಕೇ ಬಂದವು, ಮಳೆಗಾಲದಲ್ಲಿ ಬೂಸ್ಟೂ ಕಮ್ಮಿ. ಈಗ ಎಲ್ಲದಕ್ಕೂ ಅದೇ.

ಮೊದಲ ನಾಲ್ಕು ರಾತ್ರಿ ಕತ್ತರಿ ಹೂಡುವುದಿಲ್ಲ, ಬರೀ ತಿಂಡಿ. ಸುಟ್ಟ ಕೊಬ್ಬರಿಗೆ ನಾನು ಇನ್ನೊಂದು ಸೇರಿಸುತ್ತೇನೆ, ಅದು ಏನೆಂದು ಸದ್ಯಕ್ಕೆ ಹೇಳುವುದಿಲ್ಲ. ಹೂಡುವುದು ಕತ್ತಲಾಗುವ ಹೊತ್ತಿಗೆ, ಬೆಳಕು ಹರಿಯುವ ಮುಂಚೆ ಎಲ್ಲ ಕತ್ತರಿ ಇಳಿಸಿಬಿಡಬೇಕು. ಅಳಿಲು ಹಗಲಿನ ಪ್ರಾಣಿ, ಅದು ಸಾಯಬಾರದು. ಇದುವರೆಗೆ ಒಂದೂ ಬಿದ್ದಿಲ್ಲ. ಇದು ನನಗೆ ಇಲಿ ಹಿಡಿದದ್ದಕ್ಕಿಂತ ದೊಡ್ಡ ಸಂತೋಷ.

ರೀಪು ಹಾಕಿದ ಮೇಲೆ 12 ರಾತ್ರಿಯಲ್ಲಿ 40ರ ಹತ್ತಿರ ಇಲಿ ಸಿಕ್ಕವು. ಖಾಲಿ ಬಡಿದದ್ದು ನಾಲ್ಕೋ ಐದೋ. ಖರ್ಚು ಕತ್ತರಿಗೆ ತಲಾ 110ರಂತೆ 2,600ರ ಮೇಲೆ, ಆಚಾರಿಯ ಎರಡು ದಿನದ ಸಂಬಳ, ಸರಪಳಿ, ಸ್ಕ್ರೂ ಎಲ್ಲ ಸೇರಿ 5,500. ಧಾರಣೆ ಆಮೇಲೆ ಇಳಿಯಿತು, ಆದರೂ ನಾಲ್ಕೈದು ಕೊಯ್ಲಿನಲ್ಲಿ ಹಾಕಿದ ಖರ್ಚು ಹುಟ್ಟಿತು. ಮೊನ್ನೆಯ ಕೊಯ್ಲಿನಲ್ಲಿ ತೂತು ಕಾಯಿ 11. ಅದರಲ್ಲಿ 7 ಅಳಿಲಿನದ್ದು, ನಡುವೆಯೇ ಕೊರೆದಿತ್ತು.